ಫ್ಯಾಟಿ ಲಿವರ್: ಶುಗರ್, ಬಿಪಿ ತೋರಿಸಲು ಹೋದಾಗಲೇ ಪತ್ತೆ ಮಾಡಿಸಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗಾಗಿ. ಕಲಬುರಗಿಯಲ್ಲಿ ಓಪಿಡಿಯಲ್ಲಿ ಕುಳಿತು ಶುಗರ್, ಬಿಪಿ ನೋಡುವಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನೇ ಇಲ್ಲಿ ಹಾಕಿದ್ದೇನೆ. ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. ಲಿವರ್ ಕೆಟ್ಟಿದೆಯಾ ಎಂದು ತಿಳಿಯಲು ಮೊದಲ ಹೆಜ್ಜೆಗೆ ಬೇರೆ ದವಾಖಾನೆ ಬೇಕಿಲ್ಲ, ದುಬಾರಿ ತಪಾಸಣೆಯೂ ಬೇಕಿಲ್ಲ. ಅದಕ್ಕೆ ಬೇಕಾದ ಅಂಕಿಗಳು ಬಹಳ ಮಂದಿಯ ಫೈಲಿನಲ್ಲಿ ಆಗಲೇ ಇರುತ್ತವೆ. ಕೂಡಿಸಿ ನೋಡಿದವರು ಯಾರೂ ಇರುವುದಿಲ್ಲ, ಅಷ್ಟೇ.

ಕಿಡ್ನಿ ಕಲ್ಲು ಅಂತ ಸ್ಕ್ಯಾನಿಂಗ್ ಮಾಡಿಸಿದೆ. ರಿಪೋರ್ಟಿನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತ ಇದೆ. ಯಾರೂ ಏನೂ ಹೇಳಲಿಲ್ಲ. ಬಿಟ್ಟುಬಿಡಬಹುದಾ?

ಬಿಡಬೇಡಿ. ನಮ್ಮ ಕಡೆ ಇದು ಸಿಗುವುದೇ ಹೆಚ್ಚಾಗಿ ಹೀಗೆ. ಬಿಸಿಲಿನ ಊರು, ಕಲ್ಲಿನ ತೊಂದರೆ ಜಾಸ್ತಿ. ಕಲ್ಲು ಹುಡುಕಲು ಹೊಟ್ಟೆ ಸ್ಕ್ಯಾನಿಂಗ್ ಮಾಡಿದಾಗ ಲಿವರ್ ಕೂಡ ಕಾಣುತ್ತದೆ. ಕಲ್ಲಿಗೆ ಗುಳಿಗೆ ಬರೆದು ಕಳಿಸುತ್ತಾರೆ. ಲಿವರ್ ಬಗ್ಗೆ ಬರೆದ ಆ ಒಂದು ಸಾಲು ಪ್ಲಾಸ್ಟಿಕ್ ಕವರಿನೊಳಗೆ ಮನೆಗೆ ಬಂದು ಬೀರುವಿನಲ್ಲಿ ಕೂರುತ್ತದೆ.

ಲಿವರ್‌ನಲ್ಲಿ ಐದು ಶೇಕಡಾಕ್ಕಿಂತ ಜಾಸ್ತಿ ಕೊಬ್ಬು ಸೇರಿದರೆ ಅದನ್ನು ಫ್ಯಾಟಿ ಲಿವರ್ ಅನ್ನುತ್ತೇವೆ. ಬಹಳ ಮಂದಿಯಲ್ಲಿ ಅದು ಕೊಬ್ಬಾಗಿಯೇ ಉಳಿಯುತ್ತದೆ. ಕೆಲವರಲ್ಲಿ ಮಾತ್ರ ಕೊಬ್ಬಿನ ಜೊತೆ ಉರಿಯೂತ ಶುರುವಾಗುತ್ತದೆ. ಗಾಯ ಒಣಗಿದ ಮೇಲೆ ಚರ್ಮದಲ್ಲಿ ಕಲೆ ಉಳಿಯುವಂತೆ ಲಿವರ್‌ನಲ್ಲೂ ಕಲೆ ಕಟ್ಟುತ್ತಾ ಹೋಗುತ್ತದೆ. ಇದಕ್ಕೆ ಫೈಬ್ರೋಸಿಸ್ ಎಂದು ಹೆಸರು. ಕಲೆ ಪೂರ್ತಿ ಹರಡಿದರೆ ಸಿರೋಸಿಸ್. ಅಲ್ಲಿಂದ ಮುಂದೆ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ವಾಂತಿ, ಲಿವರ್ ಕ್ಯಾನ್ಸರ್. ಆ ‘ಕೆಲವರು’ ಯಾರು ಎಂದು ಬೇಗ ಗುರುತಿಸುವುದೇ ನಮ್ಮ ಕೆಲಸ.

ಹೊಟ್ಟೆ ನೋವಿಲ್ಲ, ಹಸಿವು ಚೆನ್ನಾಗಿದೆ, ಕಾಮಣಿಯೂ ಆಗಿಲ್ಲ. ಆದರೂ ನೋಡಿಸಬೇಕಾ?

ಹೌದು. ಈ ಕಾಯಿಲೆ ವರ್ಷಗಟ್ಟಲೆ ಸುಮ್ಮನೆ ಇರುತ್ತದೆ. ಸ್ವಲ್ಪ ಸುಸ್ತು, ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಅನಿಸುವುದು ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ. ಸುಸ್ತನ್ನು ನಾವು ಬಿಸಿಲಿನ ಮೇಲೆ, ವಯಸ್ಸಿನ ಮೇಲೆ ಹಾಕಿಬಿಡುತ್ತೇವೆ. ಕಣ್ಣು ಹಳದಿಯಾಗುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ‘ತೊಂದರೆ ಬಂದರೆ ನೋಡೋಣ’ ಎನ್ನುವ ಮಾತು ಈ ಕಾಯಿಲೆಗೆ ನಡೆಯುವುದಿಲ್ಲ.

ಹಾಗಾದರೆ ಎಲ್ಲರೂ ಸ್ಕ್ಯಾನಿಂಗ್ ಮಾಡಿಸಬೇಕಾ?

ಬೇಡ. ಅಪಾಯ ಜಾಸ್ತಿ ಇರುವವರು ನೋಡಿಸಿದರೆ ಸಾಕು. ಮೊದಲ ಸಾಲಿನಲ್ಲಿ ಶುಗರ್ ಇರುವವರು. ಶುಗರ್ ‘ಬಾರ್ಡರ್‌ನಲ್ಲಿದೆ’ ಅಂತ ಹೇಳಿಸಿಕೊಂಡವರೂ ಇದೇ ಸಾಲು. ಆಮೇಲೆ ಹೊಟ್ಟೆ ಬೊಜ್ಜು ಇರುವವರು, ಬಿಪಿ ಇರುವವರು, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 150ಕ್ಕಿಂತ ಮೇಲಿರುವವರು, ಪಿಸಿಒಡಿ (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಇರುವ ಹೆಣ್ಣುಮಕ್ಕಳು. ಇವರಲ್ಲಿ ಬಹಳ ಮಂದಿ ಹೇಗೂ ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುತ್ತಲೇ ಇರುತ್ತಾರೆ. ಅದಕ್ಕೇ ಅದೇ ಭೇಟಿಯಲ್ಲಿ ಲಿವರ್ ಕೂಡ ನೋಡಿ ಎಂದು ಕೇಳಿ ಅನ್ನುವುದು.

ಹೊಟ್ಟೆ ಸುತ್ತಳತೆ ಮನೆಯಲ್ಲೇ ನೋಡಿಕೊಳ್ಳಬಹುದು. ಟೇಲರ್ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು. ಹೆಂಗಸರಿಗೆ 80 ಸೆಂಟಿಮೀಟರ್, ಮೂವತ್ತೊಂದೂವರೆ ಇಂಚು. ಅದಕ್ಕಿಂತ ಜಾಸ್ತಿ ಇದ್ದರೆ ಡಾಕ್ಟರಿಗೆ ಹೇಳಿ.

ಇನ್ನೊಂದು ಗುರುತು ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗೆ, ಕಪ್ಪಗೆ ಆಗುವುದು. ಸರ ತಿಕ್ಕಿ ಹೀಗಾಗಿದೆ, ಬೆವರಿನ ಕೊಳೆ ಎಂದು ಎಷ್ಟೋ ಹೆಣ್ಣುಮಕ್ಕಳು ಉಜ್ಜಿ ಉಜ್ಜಿ ತೊಳೆಯುತ್ತಾರೆ. ಅದು ಕೊಳೆಯಲ್ಲ. ಹೆಚ್ಚಿನವರಲ್ಲಿ ಅದು ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ಲಿವರ್‌ಗೆ ಕೊಬ್ಬು ಸೇರಿಸುವುದೂ ಅದೇ.

ಶುಗರ್ ಗುಳಿಗೆ ಬರೆಸಲು ಹೋದಾಗ ಡಾಕ್ಟರಿಗೆ ಏನಂತ ಕೇಳಬೇಕು?

‘ಸರ್, ನನ್ನ ಫಿಬ್-4 ಎಷ್ಟಿದೆ ನೋಡ್ತೀರಾ?’ ಎಂದು ಕೇಳಿ. ಮೇಡಂ ಇದ್ದರೆ ಮೇಡಂಗೆ. ಹಿಂಜರಿಯಬೇಡಿ, ಇದು ಅಧಿಕಪ್ರಸಂಗವಲ್ಲ. ಓಪಿಡಿಯಲ್ಲಿ ಜನ ಸಾಲುಗಟ್ಟಿ ನಿಂತಿರುತ್ತಾರೆ, ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಶುಗರ್ ನೋಡಿ, ಬಿಪಿ ನೋಡಿ, ಗುಳಿಗೆ ಬರೆಯುವಷ್ಟರಲ್ಲಿ ಮುಂದಿನವರು ಬಂದಿರುತ್ತಾರೆ. ನೀವು ನೆನಪಿಸಿದರೆ ನೋಡಿಯೇ ನೋಡುತ್ತಾರೆ.

ಫಿಬ್-4 ಒಂದು ಲೆಕ್ಕ. 2006ರಿಂದ ಬಳಕೆಯಲ್ಲಿದೆ. ಲಿವರ್‌ನಲ್ಲಿ ಕಲೆ ಕಟ್ಟಿರುವ ಸಾಧ್ಯತೆ ಎಷ್ಟು ಎಂದು ಅಂದಾಜು ಹೇಳುತ್ತದೆ. ಅದಕ್ಕೆ ನಾಲ್ಕೇ ಅಂಕಿ ಬೇಕು: ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್. ಮಧ್ಯದ ಎರಡು ಲಿವರ್ ಟೆಸ್ಟ್ ಅಂದರೆ ಎಲ್‌ಎಫ್‌ಟಿ ರಿಪೋರ್ಟಿನಲ್ಲಿ ಸಿಗುತ್ತವೆ. ಪ್ಲೇಟ್‌ಲೆಟ್ ಸಿಬಿಸಿಯಲ್ಲಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆಯಲ್ಲಿ.

ಲೆಕ್ಕ ನಾನೇ ಹಾಕಬಹುದಾ? ನನ್ನ ರಿಪೋರ್ಟಿನಲ್ಲಿ ಎಲ್ಲ ನಾರ್ಮಲ್ ಇದೆಯಲ್ಲ?

ಹಾಕಬಹುದು, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ‘ಎಲ್ಲ ನಾರ್ಮಲ್’ ಅನ್ನುವ ಮಾತಿಗೆ ಇಲ್ಲೇ ಉತ್ತರ ಸಿಗುತ್ತದೆ. ಸ್ವಲ್ಪ ನಿಧಾನವಾಗಿ ಓದಿ.

ಮೊದಲು ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಆಮೇಲೆ ಎಸ್‌ಜಿಪಿಟಿಯ ವರ್ಗಮೂಲ ತೆಗೆದು ಪ್ಲೇಟ್‌ಲೆಟ್‌ನಿಂದ ಗುಣಿಸಿ. ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿ. ಪ್ಲೇಟ್‌ಲೆಟ್ ಅನ್ನು ಸಾವಿರದಲ್ಲಿ ಹಾಕಬೇಕು: ರಿಪೋರ್ಟಿನಲ್ಲಿ 1.60 ಲಕ್ಷ ಇದ್ದರೆ 160, 2.50 ಲಕ್ಷ ಇದ್ದರೆ 250.

58 ವರ್ಷದ ಒಬ್ಬರು ಇದ್ದಾರೆ ಅಂದುಕೊಳ್ಳಿ. ಎಸ್‌ಜಿಒಟಿ 40, ಎಸ್‌ಜಿಪಿಟಿ 25, ಪ್ಲೇಟ್‌ಲೆಟ್ 1.60 ಲಕ್ಷ. ಬಹುತೇಕ ಲ್ಯಾಬುಗಳಲ್ಲಿ ಇವೆಲ್ಲ ನಾರ್ಮಲ್ ಮಿತಿಯೊಳಗೇ ಬರುತ್ತವೆ. ಎಲ್ಲೂ ದಪ್ಪ ಅಕ್ಷರವಿಲ್ಲ, ನಕ್ಷತ್ರದ ಗುರುತಿಲ್ಲ. ಈಗ ಲೆಕ್ಕ ಹಾಕಿ. 58ನ್ನು 40ರಿಂದ ಗುಣಿಸಿದರೆ 2320. 25ರ ವರ್ಗಮೂಲ 5, ಅದನ್ನು 160ರಿಂದ ಗುಣಿಸಿದರೆ 800. ಭಾಗಿಸಿದರೆ 2.9. ಇದು ದೊಡ್ಡ ಅಂಕಿ. ಇವರನ್ನು ಲಿವರ್ ತಜ್ಞರಿಗೆ ಕಳಿಸಲೇಬೇಕು.

ಇನ್ನೊಬ್ಬರಿಗೆ 45 ವರ್ಷ. ಎಸ್‌ಜಿಒಟಿ 30, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 2.50 ಲಕ್ಷ. ಇಲ್ಲಿ ಎಸ್‌ಜಿಪಿಟಿ ಜಾಸ್ತಿ ಎಂದು ಲ್ಯಾಬಿನವರು ಗುರುತು ಹಾಕಿರುತ್ತಾರೆ, ಮನೆಯವರಿಗೆಲ್ಲ ಗಾಬರಿ. ಲೆಕ್ಕ ಹಾಕಿದರೆ 0.77. ಸದ್ಯಕ್ಕೆ ದೊಡ್ಡ ಕಲೆ ಇರುವ ಸಾಧ್ಯತೆ ಕಡಿಮೆ. ಒಂದೊಂದೇ ಅಂಕಿ ನೋಡಿದರೆ ಮೊದಲಿನವರು ಚೆನ್ನಾಗಿದ್ದಾರೆ ಅನಿಸುತ್ತಿತ್ತು, ಅಲ್ವಾ?

1.3ಕ್ಕಿಂತ ಕಡಿಮೆ ಬಂದರೆ ಅಪಾಯ ಕಡಿಮೆ. 2.67ಕ್ಕಿಂತ ಜಾಸ್ತಿ ಬಂದರೆ ತಜ್ಞರ ಹತ್ತಿರ ಹೋಗಬೇಕು. ನಡುವೆ ಇದ್ದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಪರೀಕ್ಷೆ) ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. 65 ದಾಟಿದವರಿಗೆ ಕೆಳಗಿನ ಗಡಿ 1.3ರ ಬದಲು 2. ಮೂವತ್ತೈದರ ಒಳಗಿನವರಿಗೆ ಈ ಲೆಕ್ಕವನ್ನು ನಂಬುವ ಹಾಗಿಲ್ಲ.

ಅಂಕಿ ಜಾಸ್ತಿ ಬಂತು. ಅಂದರೆ ಲಿವರ್ ಹೋಯಿತಾ?

ಇಲ್ಲ. ಇದು ಜರಡಿ ಹಿಡಿಯುವ ಲೆಕ್ಕ, ತೀರ್ಪಲ್ಲ. ಬೇರೆ ಕಾರಣಕ್ಕೂ ಅಂಕಿ ಏರುತ್ತದೆ. ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದು, ಎಸ್‌ಜಿಒಟಿ ಏರಿ, ಲೆಕ್ಕ ಪೂರ್ತಿ ತಪ್ಪುತ್ತದೆ. ಹಾಗಾಗಿ ಜ್ವರದ ಸಮಯದ ರಿಪೋರ್ಟ್ ಬಳಸಬೇಡಿ, ಪೂರ್ತಿ ಗುಣವಾದ ಮೇಲೆ ಮತ್ತೆ ಮಾಡಿಸಿ. ಎಸ್‌ಜಿಒಟಿ ಸ್ನಾಯುಗಳಿಂದಲೂ ಬರುತ್ತದೆ. ಹಿಂದಿನ ದಿನ ತೊಗರಿ ರಾಶಿಯಲ್ಲಿ ಚೀಲ ಹೊತ್ತಿದ್ದರೆ, ಜಿಮ್‌ನಲ್ಲಿ ಭಾರ ಎತ್ತಿದ್ದರೆ ಡಾಕ್ಟರಿಗೆ ಹೇಳಿ.

ಅಂಕಿ ಜಾಸ್ತಿ ಬಂದವರಿಗೆ ಹೆಪಟೈಟಿಸ್ ಬಿ ಮತ್ತು ಸಿ ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಫ್ಯಾಟಿ ಲಿವರ್ ಇದ್ದವರಿಗೆ ಈ ವೈರಸ್ ಕೂಡ ಇರಬಹುದು. ಅದಕ್ಕೆ ಬೇರೆಯೇ ಔಷಧ ಇದೆ.

ನನಗೆ ಗ್ರೇಡ್ 1, ನಮ್ಮಣ್ಣನಿಗೆ ಗ್ರೇಡ್ 3. ಅಣ್ಣನಿಗೆ ಅಪಾಯ ಜಾಸ್ತಿ ಅಲ್ವಾ?

ಹಾಗೆ ಹೇಳಲಾಗದು. ಸ್ಕ್ಯಾನಿಂಗ್‌ನ ಗ್ರೇಡ್ ಹೇಳುವುದು ಕೊಬ್ಬು ಎಷ್ಟಿದೆ ಎಂದು ಮಾತ್ರ. ಕಲೆ ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಗ್ರೇಡ್ 1 ಇದ್ದೂ ಕಲೆ ಮುಂದುವರಿದವರು ಇದ್ದಾರೆ. ಮುಂದೆ ಏನಾಗುತ್ತದೆ ಎಂಬುದು ಮುಖ್ಯವಾಗಿ ಕಲೆಯ ಮೇಲೆ ನಿಂತಿದೆ. ಇನ್ನೊಂದು ವಿಷಯ. ಕೊಬ್ಬು ಸ್ವಲ್ಪವೇ ಇದ್ದರೆ ಸ್ಕ್ಯಾನಿಂಗ್‌ನಲ್ಲಿ ಕಾಣದೇ ಹೋಗಬಹುದು. ಶುಗರ್ ಇರುವವರು ‘ಸ್ಕ್ಯಾನಿಂಗ್ ಕ್ಲೀನ್ ಇದೆ’ ಎಂದು ಪೂರ್ತಿ ನಿಶ್ಚಿಂತರಾಗಬೇಡಿ. ನೀವೂ ನಿಮ್ಮಣ್ಣನೂ ಇಬ್ಬರೂ ಫಿಬ್-4 ನೋಡಿಸಿ.

ಫೈಬ್ರೋಸ್ಕ್ಯಾನ್ ಅಂದರೇನು? ನೋವಾಗುತ್ತಾ?

ನೋವಿಲ್ಲ, ಸೂಜಿ ಇಲ್ಲ. ಹತ್ತು ನಿಮಿಷದ ಕೆಲಸ. ಬಲಗಡೆ ಪಕ್ಕೆಲುಬುಗಳ ನಡುವೆ ಒಂದು ಉಪಕರಣ ಇಟ್ಟು ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುತ್ತಾರೆ. ಮೂರು ಗಂಟೆ ಏನೂ ತಿನ್ನದೆ ಹೋಗಬೇಕು. 8 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಇದ್ದರೆ ಸಮಾಧಾನ. 12 ದಾಟಿದರೆ ಕಲೆ ಮುಂದುವರಿದಿರುವ ಸಾಧ್ಯತೆ ಜಾಸ್ತಿ. ಈ ಯಂತ್ರ ಎಲ್ಲ ಕಡೆ ಇರುವುದಿಲ್ಲ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಬಸ್ ಹತ್ತುವ ಮೊದಲು ನಿಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕೇಳಿ ನೋಡಿ. ಫಿಬ್-4 ಕಡಿಮೆ ಇದ್ದವರು ಇದಕ್ಕೆ ಸುಮ್ನೆ ದುಡ್ಡು ಹಾಕಬೇಕಿಲ್ಲ.

ಸರ್ಕಾರಿ ದವಾಖಾನೆಯಲ್ಲಿ ಇದೆಲ್ಲ ಆಗುತ್ತಾ?

ಮೊದಲ ಹೆಜ್ಜೆ ಖಂಡಿತ ಆಗುತ್ತದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಶುಗರ್, ಬಿಪಿ, ಕ್ಯಾನ್ಸರ್ ನೋಡುವ ರಾಷ್ಟ್ರೀಯ ಕಾರ್ಯಕ್ರಮದೊಳಗೇ ಫ್ಯಾಟಿ ಲಿವರ್ ಅನ್ನೂ ಸೇರಿಸಿತು. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಬಂದು ಒಂದು ಫಾರಂ ತುಂಬುತ್ತಾರೆ. ಅದರಲ್ಲಿ ಸೊಂಟದ ಅಳತೆ, ತಂಬಾಕು, ಕುಡಿತ, ಮೈಗೆ ಕೆಲಸ ಎಷ್ಟು, ಮನೆಯಲ್ಲಿ ಯಾರಿಗೆ ಶುಗರ್ ಇದೆ ಎಂದೆಲ್ಲ ಕೇಳುತ್ತಾರೆ. ‘ಇದೆಲ್ಲ ಯಾಕಮ್ಮ’ ಎಂದು ಅವರನ್ನು ಬಾಗಿಲಲ್ಲೇ ಕಳಿಸಬೇಡಿ. ಆ ಅಕ್ಕ ಟೇಪು ಹಿಡಿದು ಬಂದರೆ ಅಳೆಸಿಕೊಳ್ಳಿ, ನಿಜ ಹೇಳಿ.

ಆಯುಷ್ಮಾನ್ ಆರೋಗ್ಯ ಮಂದಿರ, ನಮ್ಮ ಕ್ಲಿನಿಕ್‌ಗಳಲ್ಲಿ ತೂಕ, ಬಿಪಿ, ಶುಗರ್ ನೋಡುತ್ತಾರೆ. ಸಿಬಿಸಿ, ಎಲ್‌ಎಫ್‌ಟಿಗೆ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಆಳಂದ, ಸೇಡಂ, ಭಾಲ್ಕಿ, ಹುಮನಾಬಾದ್, ಶಹಾಪುರ, ಸುರಪುರದವರು ಇದಕ್ಕಾಗಿ ಜಿಲ್ಲಾ ಕೇಂದ್ರದ ತನಕ ಓಡುವ ಮೊದಲು ಅಲ್ಲಿ ಕೇಳಿ. ಮುಂದಿನ ಹಂತಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ. ಹೋಗುವಾಗ ಹಳೆಯ ರಿಪೋರ್ಟುಗಳನ್ನು ತಪ್ಪದೆ ತೆಗೆದುಕೊಂಡು ಹೋಗಿ. ಪ್ಲೇಟ್‌ಲೆಟ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯಾ ಎಂಬುದು ಒಂದು ರಿಪೋರ್ಟಿನಲ್ಲಿ ಕಾಣುವುದಿಲ್ಲ.

ನಾನು ಕುಡಿಯುವುದೇ ಇಲ್ಲ. ನನಗೆ ಲಿವರ್ ಕಾಯಿಲೆ ಹೇಗೆ ಬಂತು?

ಈ ಪ್ರಶ್ನೆ ಕೇಳುವವರ ದನಿಯಲ್ಲಿ ನಾಚಿಕೆ ಇರುತ್ತದೆ, ಅದು ನನಗೆ ಬೇಜಾರು ತರುತ್ತದೆ. ರಿಪೋರ್ಟಿನಲ್ಲಿ ಲಿವರ್ ಎಂದು ಕಂಡ ಕೂಡಲೇ ಮನೆಯವರು ಅನುಮಾನದಿಂದ ನೋಡುತ್ತಾರೆ. ಒಂದು ಹನಿ ಮುಟ್ಟದವರಿಗೂ ಇದು ಬರುತ್ತದೆ. ದೇಹಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಸಕ್ಕರೆ, ಹಿಟ್ಟಿನ ಪದಾರ್ಥ ಒಳಗೆ ಹೋದಾಗ ಲಿವರ್ ಅದನ್ನು ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. 2023ರಲ್ಲಿ ಈ ಕಾಯಿಲೆಯ ಹೆಸರೇ ಬದಲಾಯಿತು. ಹೊಸ ರಿಪೋರ್ಟುಗಳಲ್ಲಿ ‘ಎಂಎಎಸ್‌ಎಲ್‌ಡಿ’ ಎಂದು ಇದ್ದರೆ ಗಾಬರಿಯಾಗಬೇಡಿ, ಅದೇ ಕಾಯಿಲೆ.

ವಾರದಲ್ಲಿ ಒಂದೆರಡು ಕ್ವಾರ್ಟರ್ ನಡೆಯುತ್ತದೆ. ಪರವಾಗಿಲ್ವಾ?

180 ಎಂಎಲ್ ವಿಸ್ಕಿ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರ್‌ನಲ್ಲಿ 40 ಗ್ರಾಂ. ಗಂಡಸರಿಗೆ ದಿನಕ್ಕೆ 30, ಹೆಂಗಸರಿಗೆ 20 ಗ್ರಾಂ ದಾಟಿದರೆ ಕಾಯಿಲೆಗೆ ಕುಡಿತವೂ ಕಾರಣ ಎಂದು ನಾವು ಲೆಕ್ಕ ಹಿಡಿಯುತ್ತೇವೆ. ಅದು ಸುರಕ್ಷಿತ ಮಿತಿಯಲ್ಲ. ಫ್ಯಾಟಿ ಲಿವರ್ ಇದೆ ಎಂದು ಗೊತ್ತಾದ ಮೇಲೆ ಪೂರ್ತಿ ಬಿಡಿ. ಬಹಳ ವರ್ಷದಿಂದ ದಿನಾ ಕುಡಿಯುವವರು ಮಾತ್ರ ಏಕಾಏಕಿ ಬಿಡುವ ಮೊದಲು ಡಾಕ್ಟರನ್ನು ಕಾಣಬೇಕು. ಕೈ ನಡುಕ, ಫಿಟ್ಸ್ ಬರಬಹುದು. ಕುಡಿಯುವ ಪ್ರಮಾಣ ಮುಚ್ಚಿಡಬೇಡಿ. ಜೊತೆಗೆ ಬಂದವರ ಎದುರು ಹೇಳಲು ಕಷ್ಟವಾದರೆ ಒಬ್ಬರೇ ಮಾತಾಡಬೇಕು ಎಂದು ಕೇಳಿ.

ನಾನು ತೆಳ್ಳಗಿದ್ದೇನೆ. ನನಗೂ ಬರುತ್ತಾ?

ಬರುತ್ತದೆ. ಕೈಕಾಲು ತೆಳ್ಳಗೆ, ಹೊಟ್ಟೆ ಮಾತ್ರ ಮುಂದೆ ಇರುವ ಮೈಕಟ್ಟು ನಮ್ಮಲ್ಲಿ ಸಾಮಾನ್ಯ. ತೂಕದ ಯಂತ್ರಕ್ಕಿಂತ ಟೇಪನ್ನು ನಂಬಿ.

ಏನು ತಿನ್ನಬೇಕು, ಏನು ಬಿಡಬೇಕು?

ಮೊದಲು ಚಹಾ. ದಿನಕ್ಕೆ ಐದು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ 50 ಗ್ರಾಂ. ತಿಂಗಳಿಗೆ ಒಂದೂವರೆ ಕಿಲೋ. ಊಟದಲ್ಲಿ ಏನೂ ಬದಲಿಸದೆ ಇದೊಂದನ್ನೇ ಬಿಟ್ಟರೂ ಲಿವರ್‌ಗೆ ದೊಡ್ಡ ಉಪಕಾರ. ಬೆಲ್ಲ ಹಾಕಿದರೆ ಪರವಾಗಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಬೆಲ್ಲವೂ ಸಕ್ಕರೆಯೇ. ಬೇಸಿಗೆಯಲ್ಲಿ ಕಬ್ಬಿನ ಹಾಲು, ಬಾಟಲಿ ತಂಪು ಪಾನೀಯದ ಬದಲು ಮಜ್ಜಿಗೆ ಕುಡಿಯಿರಿ.

ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬ್ಯಾಳಿ, ಮೊಳಕೆ ಹೆಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಅಗಸಿ ಹಿಂಡಿ. ನಮ್ಮ ತಟ್ಟೆಯೇ ಒಳ್ಳೆಯದಿದೆ, ಹೊರಗಿನ ಡಯಟ್ ಚಾರ್ಟ್ ಬೇಕಿಲ್ಲ. ರೊಟ್ಟಿ ತಿಂದ ಮೇಲೆ ಹೊಟ್ಟೆ ತುಂಬ ಅನ್ನ ತಿನ್ನುವ ರೂಢಿಯೇ ತೊಂದರೆ. ರೊಟ್ಟಿಯನ್ನೂ ಎಣಿಸಿ ತಿನ್ನಿ, ಪಲ್ಯ ಮತ್ತು ಕಾಳು ಜಾಸ್ತಿ ಹಾಕಿಕೊಳ್ಳಿ. ಬೆಳಿಗ್ಗೆ ತಹರಿ, ಸಂಜೆ ಮಿರ್ಚಿ ಭಜಿ, ಹಬ್ಬ ಮುಗಿದ ಮೇಲೂ ವಾರವಿಡೀ ಶೇಂಗಾ ಹೋಳಿಗೆ, ಇವು ಅಪರೂಪಕ್ಕೆ ಇರಲಿ. ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಕಿಲೋ ದಾಟದಿರಲಿ.

ಎಷ್ಟು ತೂಕ ಇಳಿಸಬೇಕು?

80 ಕಿಲೋ ಇರುವವರು ನಾಲ್ಕು ಕಿಲೋ ಇಳಿದರೆ ಲಿವರ್ ಕೊಬ್ಬು ಕಡಿಮೆಯಾಗಲು ಶುರು. ಆರು ಕಿಲೋ ಹೊತ್ತಿಗೆ ಉರಿಯೂತ ತಗ್ಗುತ್ತದೆ. ಎಂಟು ಕಿಲೋ ಇಳಿದವರಲ್ಲಿ ಕಲೆ ಕೂಡ ಹಿಂದೆ ಸರಿದದ್ದನ್ನು ಅಧ್ಯಯನಗಳು ತೋರಿಸಿವೆ. ನನಗೆ ಈ ಕಾಯಿಲೆಯಲ್ಲಿ ತುಂಬಾ ಭರವಸೆ ಕೊಡುವ ವಿಷಯ ಇದೇ. ವಾರಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋ ಸಾಕು. ಹಸಿದು ಹಸಿದು ಗಡಿಬಿಡಿಯಲ್ಲಿ ಇಳಿಸಿದರೆ ಲಿವರ್‌ಗೇ ಪೆಟ್ಟು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಏಳರೊಳಗೆ ನಡಿಗೆ ಮುಗಿಸಿ.

ರಂಜಾನ್ ರೋಜಾ, ಶ್ರಾವಣದ ಉಪವಾಸ ಮಾಡಬಹುದಾ?

ಬರೀ ಕೊಬ್ಬು ಇರುವವರು ಸಾಮಾನ್ಯವಾಗಿ ಮಾಡಬಹುದು, ಇಫ್ತಾರ್‌ನಲ್ಲಿ ಕರಿದದ್ದು, ಶರಬತ್ತು ಮಿತಿಯಲ್ಲಿದ್ದರೆ. ಶ್ರಾವಣದಲ್ಲಿ ಸಾಬುದಾನಿ ಖಿಚಡಿ ತಟ್ಟೆ ತುಂಬ ತಿಂದರೆ ಉಪವಾಸದ ಲಾಭವಿಲ್ಲ. ಶುಗರ್ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ಡಾಕ್ಟರನ್ನು ಕಂಡು ಔಷಧದ ಹೊತ್ತು ಬದಲಿಸಿಕೊಳ್ಳಿ. ಸಿರೋಸಿಸ್ ಇರುವವರು ಉಪವಾಸ ಮಾಡಬಾರದು.

ಇದಕ್ಕೆ ಗುಳಿಗೆ ಇಲ್ವಾ? ಲಿವರ್ ಟಾನಿಕ್, ನಾಟಿ ಔಷಧ?

ಕೆಲವರಿಗೆ ಇದೆ. ಭಾರತದಲ್ಲಿ ಸರೋಗ್ಲಿಟಜಾರ್ ಗುಳಿಗೆ ಈ ಕಾಯಿಲೆಗೆ 2020ರಿಂದ ಬಳಕೆಯಲ್ಲಿದೆ. ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರೋಮ್‌ಗೆ, 2025ರ ಆಗಸ್ಟ್‌ನಲ್ಲಿ ಸೆಮಾಗ್ಲುಟೈಡ್‌ಗೆ ಒಪ್ಪಿಗೆ ಸಿಕ್ಕಿತು. ಈ ಎರಡು ಕಲೆ ಮುಂದುವರಿದರೂ ಸಿರೋಸಿಸ್ ಆಗದವರಿಗೆ. ಯಾರಿಗೆ ಬೇಕು ಎಂದು ಹೇಳಬೇಕಾದವರು ತಜ್ಞರು, ಮೆಡಿಕಲ್ ಅಂಗಡಿಯವರಲ್ಲ.

ಟಾನಿಕ್ ಕುಡಿದು ಕಲೆ ಹೋಗುವುದಿಲ್ಲ. ನಾಟಿ ಔಷಧದ ಬಗ್ಗೆ ನನಗೆ ನಿಜವಾದ ಆತಂಕ ಇದೆ. ಏನು ಹಾಕಿದ್ದಾರೆ ಎಂದು ಗೊತ್ತಿಲ್ಲದ ಪುಡಿ, ಕಷಾಯ ಸೋತ ಲಿವರ್‌ಗೆ ಇನ್ನಷ್ಟು ಪೆಟ್ಟು ಕೊಡಬಹುದು. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ತಿಂಗಳುಗಟ್ಟಲೆ ಕುಡಿದವರಲ್ಲಿ ಲಿವರ್ ಉರಿಯೂತ ಆದ ವರದಿಗಳು ನಮ್ಮ ದೇಶದಿಂದಲೇ ಬಂದಿವೆ.

ಲಿವರ್ ಇದೆ ಅಂತ ಕೊಲೆಸ್ಟರಾಲ್ ಗುಳಿಗೆ ಬಿಟ್ಟಿದ್ದೇನೆ. ಸರಿನಾ?

ಸರಿಯಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ಫ್ಯಾಟಿ ಲಿವರ್ ಇರುವವರಿಗೂ ಸುರಕ್ಷಿತ. ಫ್ಯಾಟಿ ಲಿವರ್ ಇರುವವರ ಜೀವಕ್ಕೆ ದೊಡ್ಡ ಅಪಾಯ ಲಿವರ್‌ಗಿಂತ ಹೃದಯದ್ದೇ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಯಾವಾಗ ತಡಮಾಡದೆ ದವಾಖಾನೆಗೆ ಓಡಬೇಕು?

ರಕ್ತ ವಾಂತಿ, ಕಪ್ಪಗೆ ಜಿಗುಟಾದ ಮಲ, ಕಣ್ಣು ಹಳದಿ, ಹೊಟ್ಟೆ ಉಬ್ಬಿ ಕಾಲಿಗೆ ಬಾವು, ಹಗಲು ನಿದ್ದೆ ರಾತ್ರಿ ಎಚ್ಚರ, ಮಾತು ತಡವರಿಸುವುದು. ರಕ್ತ ವಾಂತಿಯಾದರೆ 108ಕ್ಕೆ ಫೋನ್ ಮಾಡಿ, ಮೋಟರ್ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಬೇಡಿ.

ಈ ಸಲ ಫಿಬ್-4 ಅಂಕಿ ಕಡಿಮೆ ಬಂತು. ಮತ್ತೆ ಯಾವಾಗ ನೋಡಿಸಬೇಕು?

ಶುಗರ್ ಇದ್ದರೆ ಒಂದೆರಡು ವರ್ಷಕ್ಕೊಮ್ಮೆ. ಇಲ್ಲದಿದ್ದರೆ ಎರಡು ಮೂರು ವರ್ಷಕ್ಕೊಮ್ಮೆ ಸಾಕು.

ಮನೆಯಲ್ಲಿ ಒಬ್ಬರಿಗೆ ಇದೆ. ಉಳಿದವರು, ಮಕ್ಕಳು ನೋಡಿಸಬೇಕಾ?

ಒಬ್ಬರಿಗೆ ಸಿರೋಸಿಸ್ ತನಕ ಹೋಗಿದ್ದರೆ ಅಣ್ಣತಮ್ಮ, ಅಕ್ಕತಂಗಿ, ಬೆಳೆದ ಮಕ್ಕಳು ನೋಡಿಸಲೇಬೇಕು. ಹೆಂಡತಿಯನ್ನೂ ಮರೆಯಬೇಡಿ. ಒಂದೇ ಅಡುಗೆ, ಒಂದೇ ಎಣ್ಣೆ. ಗಂಡನ ಫೈಲು ಹಿಡಿದು ಬರುವ ಎಷ್ಟೋ ಹೆಣ್ಣುಮಕ್ಕಳು ತಮ್ಮ ಬಿಪಿ ಒಮ್ಮೆಯೂ ನೋಡಿಸಿಕೊಂಡಿರುವುದಿಲ್ಲ. ಬಸುರಿಯಾಗಿದ್ದಾಗ ಶುಗರ್ ಬಂದಿದ್ದವರು ಖಂಡಿತ ನೋಡಿಸಿ.

ಒಂಬತ್ತು ಹತ್ತು ವರ್ಷದ ಮಗುವಿಗೆ ತೂಕ ಜಾಸ್ತಿ ಇದ್ದು, ಕತ್ತು ಕಪ್ಪಾಗಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ ಎಸ್‌ಜಿಪಿಟಿ ಮಾಡಿಸಿ. ಫಿಬ್-4 ಲೆಕ್ಕ ಮಕ್ಕಳಿಗೆ ಹಾಕಬೇಡಿ. ಶಾಲೆಗೆ ಕೊಟ್ಟು ಕಳಿಸುವ ಕುರುಕಲು ಪ್ಯಾಕೆಟ್ಟಿನ ಬದಲು ಹುರಿದ ಕಡಲೆಯನ್ನೋ ಒಂದು ಪೇರಲ ಹಣ್ಣನ್ನೋ ಕೊಡಿ.